ಶಾಂತಲೆಯ ಕಾದಂಬರಿಗಳೂ ತೊಣ್ಣೂರಿನ ಪಿಶಾಚಿಯೂ

ಚಾರಿತ್ರಿಕ ಕಾದಂಬರಿಯನ್ನು ವಿಮರ್ಶಕ ಓದುವ ರೀತಿಯೇ ಬೇರೆ, ವಾಚಕ ಓದುವ ರೀತಿಯೇ ಬೇರೆ. ವಿಮರ್ಶಕನ ಮೇಜಿನ ಮೇಲೆ ಶಾಸನಸಂಪುಟವಿರುತ್ತದೆ. ವಾಚಕನ ಮನಸ್ಸಿನಲ್ಲಿ ಅಜ್ಜಿ ಹೇಳಿದ ಕಥೆಯಿರುತ್ತದೆ. ಶಾಂತಲೆಯ ವಿಷಯಕ್ಕೆ ಬಂದಾಗ ಇವೆರಡೂ ಎದುರುಬದುರಾಗಿ ನಿಲ್ಲುತ್ತವೆ. ಕೆ. ವಿ. ಅಯ್ಯರ್ ಅವರ ‘ಶಾಂತಲಾ’ ಓದಿ ಕಣ್ಣೊರೆಸಿಕೊಂಡವರು ನಮ್ಮಲ್ಲಿ ಕಡಮೆಯಿಲ್ಲ. ಅದರ ತರುವಾಯ ಸಿ. ಕೆ. ನಾಗರಾಜರಾಯರು ನಾಲ್ಕು ಭಾಗಗಳಲ್ಲಿ ‘ಪಟ್ಟಮಹಾದೇವಿ ಶಾಂತಲದೇವಿ’ಯನ್ನು ಬರೆದರು, 1983ರ ಮೂರ್ತಿದೇವಿ ಪ್ರಶಸ್ತಿ ಆ ಕೃತಿಗೆ ಸಂದಿತು.

ಒಲವು, ಅರಸುತನ, ಸವತಿಯ ಸಂಕಟ ಎಲ್ಲವೂ ಇರುವ ಈ ವಸ್ತುವಿನ ಮಗ್ಗುಲಲ್ಲೇ ಒಂದು ಪಿಶಾಚಿಯ ಕಥೆಯೂ ಇದೆ. ಬಿಟ್ಟಿದೇವನ ಮಗಳಿಗೆ ಪಿಶಾಚಿ ಹಿಡಿದಿತ್ತಂತೆ. ರಾಮಾನುಜಾಚಾರ್ಯರು ಅದನ್ನು ಬಿಡಿಸಿದರಂತೆ. ಅರಸು ವೈಷ್ಣವನಾಗಿ ವಿಷ್ಣುವರ್ಧನನಾದದ್ದು ಅದರಿಂದಲೇ ಅಂತೆ. ಶಾಂತಲೆಯ ಕಥೆಗೆ ಕೈಹಾಕುವ ಕಾದಂಬರಿಕಾರ ಈ ಪಿಶಾಚಿಯನ್ನು ಏನು ಮಾಡಬೇಕು? ಈಚೆಗೆ ಮಂಡ್ಯ ಜಿಲ್ಲೆಯ ನಾಲ್ಕು ಊರುಗಳಿಗೆ ಹೋಗಿದ್ದಾಗ, ಕಾದಂಬರಿ ಓದುವ ಅಭ್ಯಾಸವುಳ್ಳ ಕೆಲವರನ್ನು ಇದನ್ನೇ ಕೇಳಿದೆ.

ಶ್ರೀರಂಗಪಟ್ಟಣದ ನಿವೃತ್ತ ಉಪಾಧ್ಯಾಯರೊಬ್ಬರಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ರಾಜ ಒಡೆಯರು ಈ ಪಟ್ಟಣವನ್ನು ಪಡೆದದ್ದು 1610ರಲ್ಲಿ. ಅಂದಿನಿಂದ ನಾವು ಆ ಚರಿತ್ರೆಯನ್ನು ಅಲಮೇಲಮ್ಮನ ಶಾಪದೊಡನೆಯೇ ಹೇಳಿಕೊಂಡು ಬಂದಿದ್ದೇವೆ. ಶಾಪವನ್ನು ತೆಗೆದುಬಿಟ್ಟರೆ ಕೇಳುವವರು ಯಾರು ಸ್ವಾಮಿ?” ಎಂದರು.

ಪಾಂಡವಪುರದಿಂದ ತೊಣ್ಣೂರು ದೂರವಲ್ಲ. ಅಲ್ಲಿಯ ಕೆರೆ, ನಂಬಿನಾರಾಯಣನ ಗುಡಿ, ಆಚಾರ್ಯರ ನೆನಪು ಎಲ್ಲವೂ ಆ ಊರಿನವರಿಗೆ ನಿತ್ಯದ ಸಂಗತಿಗಳು. ಆದರೂ ಅಲ್ಲಿಯ ತರುಣನೊಬ್ಬ ಕಡ್ಡಿ ತುಂಡುಮಾಡಿದಂತೆ ಹೇಳಿದ: “ಪಿಶಾಚಿ ಬೇಡವೇ ಬೇಡ. ಹುಡುಗಿಗೆ ಏನೋ ಕಾಯಿಲೆ ಇತ್ತು, ವಾಸಿಯಾಯಿತು ಎಂದು ಬರೆದರೆ ಸಾಲದೆ?” ಸಾಲದು ಎಂದು ನನಗೆ ತೋರುತ್ತದೆ. ಹನ್ನೆರಡನೆಯ ಶತಮಾನದ ಅರಮನೆಯಲ್ಲಿ ಯಾರೂ ಅದನ್ನು ಬರಿಯ ಕಾಯಿಲೆಯೆಂದು ಕಂಡಿರಲಾರರು. ಅವರ ಭಯವನ್ನು ನಮ್ಮ ತಿಳಿವಳಿಕೆಯಿಂದ ತಿದ್ದುವುದು ಚರಿತ್ರೆಗೆ ಮಾಡುವ ಇನ್ನೊಂದು ಅನ್ಯಾಯ.

ಕೃಷ್ಣರಾಜಪೇಟೆಯ ಗೃಹಿಣಿಯೊಬ್ಬರು ತಮ್ಮ ಊರಿಗೆ ಹತ್ತಿರದ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯವನ್ನು ನೆನೆದರು. “ಆನೆ, ಕುದುರೆ ಕೆತ್ತಿದ ಶಿಲ್ಪಿಯೇ ಮಕರವನ್ನೂ ಕೆತ್ತಿದ್ದಾನೆ. ಮಕರವನ್ನು ಕಂಡವರು ಯಾರಿದ್ದಾರೆ? ಆದರೂ ಗೋಡೆಗೆ ಅದು ಒಪ್ಪುತ್ತದಲ್ಲ!” ಎಂದರು. ಇದು ಒಳ್ಳೆಯ ಮಾತು. ಆದರೆ ಆ ಪಟ್ಟಿಕೆಗಳ ಕ್ರಮವನ್ನೂ ಗಮನಿಸಬೇಕು. ಎಲ್ಲಕ್ಕೂ ಕೆಳಗೆ ಆನೆಗಳ ಸಾಲು. ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಪುರಾಣದ ಕಥೆ. ಆಮೇಲೆ ಮಕರ, ಹಂಸ. ಕಂಡ ಪ್ರಾಣಿ ಭಾರ ಹೊತ್ತಿರುವುದರಿಂದ ಕಾಣದ ಪ್ರಾಣಿ ಮೇಲೆ ನಿಂತಿದೆ. ಕಾದಂಬರಿಯಲ್ಲಿ ಅದ್ಭುತದ ಔಚಿತ್ಯವೂ ಇಷ್ಟೆ: ಮನುಷ್ಯರ ಸುಖದುಃಖ ಅದನ್ನು ಹೊರಬೇಕು.

ನಾಗಮಂಗಲದ ಕಡೆಯ ಹಿರಿಯ ಜೈನ ಮಹಿಳೆಯೊಬ್ಬರು ಆಡಿದ ಮಾತು ಮಾತ್ರ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಕಂಬದಹಳ್ಳಿಯ ಬಸದಿಗೆ ನಡೆದುಕೊಳ್ಳುವ ಮನೆತನ ಅವರದು. “ಪಿಶಾಚಿ ಇರಲಿ, ಬಿಡಲಿ, ನನಗೇನೂ ಬೇಸರವಿಲ್ಲ. ಆದರೆ ಹುಡುಗಿಯನ್ನು ಪಿಶಾಚಿ ಬಿಟ್ಟಿತು, ರಾಜ ನಮ್ಮ ಧರ್ಮವನ್ನು ಬಿಟ್ಟ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾರಲ್ಲಪ್ಪ. ಜಿನನನ್ನೇ ನಂಬಿದ ತಾಯಿಯೊಬ್ಬಳು ಆ ಮಗುವಿನ ಪಕ್ಕದಲ್ಲಿ ಕೂತಿದ್ದರೆ ಅವಳಿಗೆ ಏನನ್ನಿಸಿರಬೇಕು? ಮಗು ಉಳಿಯಿತೆಂಬ ಸಂತೋಷ ಎಷ್ಟು, ತಾನು ಹಚ್ಚಿದ ಗಂಧೋದಕ ಫಲಿಸಲಿಲ್ಲವೆಂಬ ನೋವು ಎಷ್ಟು? ಅದನ್ನು ಬರೆದಿದ್ದರೆ ಓದುತ್ತಿದ್ದೆ.”

ಇದಕ್ಕಿಂತ ಮಿಗಿಲಾದ ವಿಮರ್ಶೆಯನ್ನು ನಾನು ಕಾಣೆ. ಶಾಸನಗಳೂ ಆಕೆಯ ಪಕ್ಷವನ್ನೇ ಹಿಡಿಯುತ್ತವೆ. ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆಯಾದದ್ದು 1117ರಲ್ಲಿ. ಅದಾದ ಮೇಲೆ, 1123ರಲ್ಲಿ, ಶಾಂತಲೆ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. 1131ರಲ್ಲಿ ಅವಳು ಶಿವಗಂಗೆಯಲ್ಲಿ ತೀರಿಕೊಂಡಾಗ ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ಉಪವಾಸವ್ರತದಿಂದ ದೇಹ ಬಿಟ್ಟಳು. 1133ರಲ್ಲಿ ದೋರಸಮುದ್ರದ ಪಾರ್ಶ್ವನಾಥನ ಪ್ರಸಾದವನ್ನು ವಿಷ್ಣುವರ್ಧನ ಭಕ್ತಿಯಿಂದ ಸ್ವೀಕರಿಸಿ, ಆ ದೇವರಿಗೆ ವಿಜಯಪಾರ್ಶ್ವನೆಂದು ಹೆಸರಿಟ್ಟ. ಒಂದೇ ಮನೆಯಲ್ಲಿ ಎರಡು ನಂಬಿಕೆಗಳು ಕೂಡಿ ಬಾಳಿದ ಕಥೆ ಇದು. ಪಿಶಾಚಿ ಬಿಟ್ಟೊಡನೆ ಎಲ್ಲವೂ ಇತ್ಯರ್ಥವಾಯಿತು ಎನ್ನುವ ಕಾದಂಬರಿಕಾರ ಈ ಕಥೆಯನ್ನೇ ಕಳೆದುಕೊಳ್ಳುತ್ತಾನೆ.

ಆದುದರಿಂದ ಪಿಶಾಚಿಯನ್ನು ಓಡಿಸಿರೆಂದು ನಾನು ಹೇಳಲಾರೆ. ಪಾಂಡವಪುರದ ತರುಣ ನನ್ನನ್ನು ಕ್ಷಮಿಸಬೇಕು. ಶ್ರೀರಂಗಪಟ್ಟಣದ ಉಪಾಧ್ಯಾಯರು ಬಯಸುವಂತೆ, ಕೇಳುವವರಿದ್ದಾರೆ ಎಂಬ ಒಂದೇ ಕಾರಣಕ್ಕೆ ಅದನ್ನು ತಂದು ಕೂರಿಸಿರೆಂದೂ ಹೇಳಲಾರೆ. ಮುಂದೆ ಈ ವಸ್ತುವನ್ನು ಕೈಗೆತ್ತಿಕೊಳ್ಳುವವರಲ್ಲಿ ನನ್ನ ಕೋರಿಕೆ ಒಂದೇ: ಪಿಶಾಚಿ ಬಿಟ್ಟ ಆ ರಾತ್ರಿ ಹುಡುಗಿಯ ಹಾಸಿಗೆಯ ಬಳಿ ತಾಯಿಯನ್ನು ಕೂರಿಸಿ, ಅವಳು ಮಾತಾಡುವವರೆಗೆ ಅಧ್ಯಾಯವನ್ನು ಮುಗಿಸಬೇಡಿ. ನಾಗಮಂಗಲದ ಆ ಹಿರಿಯರು ಆ ಪುಸ್ತಕಕ್ಕಾಗಿ ಕಾದಿದ್ದಾರೆ.