ಮೂರು ಗುಂಡು, ಮೂರು ಧಾತು

ಮೊಳಕಾಲ್ಮುರು ತಾಲ್ಲೂಕಿನಲ್ಲಿ ಅಶೋಕನ ಶಾಸನ ಮೂರು ಕಡೆ ಇದೆ: ಬ್ರಹ್ಮಗಿರಿಯ ಅಕ್ಷರಗುಂಡು, ಸಿದ್ದಾಪುರದ ಬಂಡೆ, ಜಟಿಂಗರಾಮೇಶ್ವರ ಬೆಟ್ಟದ ಬಳೆಗಾರರ ಗುಂಡು. 1892ರಲ್ಲಿ ಇವನ್ನು ಬೆಳಕಿಗೆ ತಂದವರು ಶಾಸನತಜ್ಞ ಬಿ. ಎಲ್. ರೈಸ್. ಒಂದರಲ್ಲಿ ಸವೆದ ಅಕ್ಷರವನ್ನು ಇನ್ನೊಂದು ತುಂಬಿಕೊಡುತ್ತದೆ. ವಿಶ್ವದ ಮೊದಲ ನಿಮಿಷಗಳ ಕಥೆಗೂ ಹೀಗೆ ಮೂರು ಪಾಠಗಳುಂಟು: ಹೀಲಿಯಂ, ಡ್ಯುಟೀರಿಯಂ ಎಂಬ ಭಾರ ಹೈಡ್ರೋಜನ್, ಲಿಥಿಯಂ.

ಹೀಲಿಯಂನ ಲೆಕ್ಕ ನನಗೆ ಎಷ್ಟು ಸಲ ಮಾಡಿದರೂ ಸಾಲದು. ಧಾತುಗಳು ಕೂಡುವ ಹೊತ್ತಿಗೆ ಏಳು ಪ್ರೋಟಾನ್‌ಗೆ ಒಂದು ನ್ಯೂಟ್ರಾನ್ ಉಳಿದಿತ್ತು. ಹದಿನಾಲ್ಕಕ್ಕೆ ಎರಡು ಎನ್ನಿ. ಆ ಎರಡು ನ್ಯೂಟ್ರಾನ್ ಎರಡು ಪ್ರೋಟಾನ್ ಜೊತೆ ಸೇರಿ ಒಂದು ಹೀಲಿಯಂ ಆಯಿತು. ಹದಿನಾರರಲ್ಲಿ ನಾಲ್ಕು, ಅಂದರೆ ತೂಕದಲ್ಲಿ ಕಾಲು ಭಾಗ. ಆಕಾಶದಲ್ಲಿ ಅಳೆದಾಗ ಸಿಗುವುದೂ ಹೆಚ್ಚುಕಡಿಮೆ ಅಷ್ಟೇ!

ಈಗ ಯಾರೂ ಕಾಣದ ಹಗುರ ಕಣವೊಂದು ಆಗ ಇತ್ತೆಂದುಕೊಳ್ಳಿ. ಅದರ ಶಕ್ತಿಯೂ ಸೇರಿ ವಿಶ್ವ ಇನ್ನಷ್ಟು ಬೇಗ ಹಿಗ್ಗುತ್ತದೆ, ನ್ಯೂಟ್ರಾನ್‌ಗಳು ಹೆಚ್ಚು ಉಳಿಯುತ್ತವೆ, ಹೀಲಿಯಂ ಕಾಲು ಭಾಗ ಮೀರುತ್ತದೆ. ಈ ತರ್ಕದಿಂದಲೇ 1977ರಲ್ಲಿ ವಿಜ್ಞಾನಿಗಳು ನ್ಯೂಟ್ರಿನೊ ಎಂಬ ಹಗುರ ಕಣದ ಬಗೆಗಳಿಗೆ ಮಿತಿ ಹಾಕಿದರು. 1989ರಲ್ಲಿ ಸರ್ನ್ ಪ್ರಯೋಗಾಲಯದ ಕಣವೇಗವರ್ಧಕ ಯಂತ್ರ ಹಗುರ ನ್ಯೂಟ್ರಿನೊ ಮೂರೇ ಬಗೆ ಎಂದಿತು.

ಡ್ಯುಟೀರಿಯಂ ಇನ್ನೂ ಹತ್ತಿರದ್ದು. ಚಳ್ಳಕೆರೆಯ ಬೋರ್‌ವೆಲ್ ನೀರು ಒಂದು ಲೋಟ ಹಿಡಿದರೆ, ಅದರ ಆರೇಳು ಸಾವಿರ ಹೈಡ್ರೋಜನ್ ಪರಮಾಣುಗಳಲ್ಲಿ ಒಂದು ಡ್ಯುಟೀರಿಯಂ. ನಕ್ಷತ್ರಗಳು ಇದನ್ನು ಉರಿಸಿಬಿಡುತ್ತವೆ, ಕೂಡಿಡುವುದಿಲ್ಲ. ಹಾಗಾಗಿ ಆ ಲೋಟದಲ್ಲಿರುವ ಡ್ಯುಟೀರಿಯಂ ಆ ಮೊದಲ ನಿಮಿಷಗಳದ್ದೇ.

ಲಿಥಿಯಂ ಮಾತ್ರ ಲೆಕ್ಕಕ್ಕೆ ಹೊಂದುವುದಿಲ್ಲ. ಹಳೆಯ ನಕ್ಷತ್ರಗಳಲ್ಲಿ ಲೆಕ್ಕದ ಮೂರನೇ ಒಂದರಷ್ಟೇ ಕಾಣುತ್ತದೆ. ಭಾರವಾದ ಕಣವೊಂದು ಆಗ ಒಡೆದು ನ್ಯೂಟ್ರಾನ್ ಚೆಲ್ಲಿದ್ದರೆ, ಮುಂದೆ ಲಿಥಿಯಂ ಆಗಬೇಕಿದ್ದ ಬೆರಿಲಿಯಂ ನಾಶವಾಗಿರುತ್ತಿತ್ತು ಎಂಬುದು ಒಂದು ಊಹೆ. ಆದರೆ ಅದೇ ನ್ಯೂಟ್ರಾನ್‌ಗಳು ಡ್ಯುಟೀರಿಯಂ ಹೆಚ್ಚಿಸುತ್ತವೆ, ಅಲ್ಲಿ ಅಳತೆ ಒಪ್ಪುವುದಿಲ್ಲ. ಆ ನಕ್ಷತ್ರಗಳೇ ತಮ್ಮ ಲಿಥಿಯಂ ಕಳೆದುಕೊಂಡಿರಲೂಬಹುದು. ಒಂದು ಪಾಠ ತಿದ್ದಹೋದರೆ ಇನ್ನೊಂದು ಕೈಹಿಡಿದು ತಡೆಯುವ ಈ ಬಿಗಿಯೇ ನನಗೆ ಎಲ್ಲಕ್ಕಿಂತ ಚೆಲುವಾಗಿ ಕಾಣುತ್ತದೆ.

ಚಳ್ಳಕೆರೆ ಬಳಿಯ ಕುದಾಪುರದ ಐಐಎಸ್‌ಸಿ ಆವರಣದಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಅಲ್ಲಿಂದ ಊರಿಗೆ ಮರಳುವ ಮೇಷ್ಟ್ರೇ, ಮೇಡಂ ಅವರೇ, ಈ ಸೀಮೆಯ ಶೇಂಗಾ ಬೀಜ ಹದಿನಾರು ಎಣಿಸಿ, ಎರಡಕ್ಕೆ ಮಸಿ ಹಚ್ಚಿ, ಹೀಲಿಯಂ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸಿ.