ಕನ್ನಡ ಅಕ್ಷರದಲ್ಲಿ ಮನೆಮಾತು: ಎರಡು ಚುಕ್ಕಿಗಳ ಪ್ರಶ್ನೆ

ಒಂದು ಭಾಷೆಯನ್ನು ಇನ್ನೊಂದರ ಅಕ್ಷರದಲ್ಲಿ ಬರೆಯುವುದು ನಮ್ಮ ನಾಡಿಗೆ ಹೊಸದೇನಲ್ಲ. ತುಳು, ಕೊಡವ ಭಾಷೆಗಳ ಪುಸ್ತಕಗಳು ಕನ್ನಡ ಲಿಪಿಯಲ್ಲೇ ಅಚ್ಚಾಗುತ್ತಾ ಬಂದಿವೆ. ಕೊಂಕಣಿಗೆ ಕನ್ನಡವೂ ಸೇರಿ ಹಲವು ಲಿಪಿಗಳಿವೆ. ಕರಾವಳಿಯ ಬ್ಯಾರಿ ಮುಸ್ಲಿಮರು ತಮ್ಮ ಮಾತನ್ನು ಕನ್ನಡ ಅಕ್ಷರದಲ್ಲಿ ಬರೆದು ಸಾಹಿತ್ಯ ಕಟ್ಟಿದರು, 2009ರಲ್ಲಿ ಅದಕ್ಕೊಂದು ಅಕಾಡೆಮಿಯನ್ನೂ ಪಡೆದರು.

ಬಯಲುಸೀಮೆಯ ದಖ್ಖನಿಯ ಸ್ಥಿತಿ ಬೇರೆ. ರೋಣ, ನರಗುಂದ, ಗಜೇಂದ್ರಗಡದ ಕಡೆ, ಪುರ್ತಗೇರಿಯಂಥ ಊರುಗಳ ಸುತ್ತಮುತ್ತ, ಮನೆಯಲ್ಲಿ ದಖ್ಖನಿ ಆಡುವ ಮಕ್ಕಳು ಶಾಲೆಯಲ್ಲಿ ಕಲಿಯುವುದು ಹೆಚ್ಚಾಗಿ ಕನ್ನಡ. 2011ರ ಜನಗಣತಿಯಂತೆ ಕರ್ನಾಟಕದ ಶೇಕಡಾ 10ಕ್ಕೂ ಹೆಚ್ಚು ಜನರ ತಾಯಿನುಡಿ ಉರ್ದು. ಅವರಲ್ಲಿ ಉರ್ದು ಮಾತನಾಡಬಲ್ಲ, ಆದರೆ ಓದಲಾರದ ಒಂದು ಪೀಳಿಗೆ ಬೆಳೆದಿದೆ. ಅವರಿಗಾಗಿ ನಾತ್‌ಗಳು, ದುಆ ಪುಸ್ತಿಕೆಗಳು, ಮದುವೆಯ ಕರೆಯೋಲೆಗಳು ಕನ್ನಡ ಲಿಪಿಯಲ್ಲಿ ಬರುತ್ತಿವೆ. ಇದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಅವುಗಳನ್ನು ಬರೆಯುವ ಕ್ರಮದ ಬಗ್ಗೆ ಮಾತ್ರ ತಕರಾರಿದೆ.

ಮೊದಲ ತಕರಾರು ಅರಬಿಯ ಕುರಿತು. ಅರಬಿಯಲ್ಲಿ ಎರಡು 'ಕ'ಗಳಿವೆ. ಒಂದು ಗಂಟಲಾಳದಿಂದ ಬರುವುದು, ಇನ್ನೊಂದು ನಮ್ಮ ಕನ್ನಡದ 'ಕ'. 'ಕಲ್ಬ್' ಎಂಬುದನ್ನು ಗಂಟಲಾಳದಿಂದ ಉಚ್ಚರಿಸಿದರೆ ಹೃದಯ, ಕನ್ನಡದ 'ಕ'ದಂತೆ ಉಚ್ಚರಿಸಿದರೆ ನಾಯಿ! ಕನ್ನಡ ಅಕ್ಷರದಲ್ಲಿ ಎರಡೂ ಒಂದೇ. 'ಜ' ಎಂದು ನಾವು ಬರೆಯುವಲ್ಲಿ ಅರಬಿಗೆ ಐದು ಅಕ್ಷರಗಳಿವೆ. ಗಂಟಲಿನಿಂದ ಬರುವ 'ಐನ್' ಅಂತೂ ಕನ್ನಡದಲ್ಲಿ ಗುರುತೇ ಇಲ್ಲದಂತೆ ಮಾಯವಾಗುತ್ತದೆ. ಕುರ್‌ಆನನ್ನು ಅರಬಿ ಲಿಪಿಯಲ್ಲೇ ಬರೆಯಬೇಕೆಂದು ಬಹುಪಾಲು ಉಲಮಾಗಳು ಹೇಳುವುದರ ಹಿಂದೆ ಈ ಕಾಳಜಿಯೂ ಇದೆ. ದುಆ ಪುಸ್ತಿಕೆಯ ಕನ್ನಡ ಅಕ್ಷರವು ಮೆಟ್ಟಿಲಾಗಬಹುದೇ ವಿನಾ ಮನೆಯಾಗಲಾರದು. ಪ್ರಕಾಶಕರು ಇದನ್ನು ಮೊದಲ ಪುಟದಲ್ಲೇ ಓದುಗರಿಗೆ ತಿಳಿಸಬೇಕು.

ದಖ್ಖನಿಯ ಲೆಕ್ಕ ಬೇರೆ. ಅದರ ಬಾಯಲ್ಲಿ ಈ ಭೇದಗಳಲ್ಲಿ ಹೆಚ್ಚಿನವು ಎಂದೋ ಅಳಿದಿವೆ. ಅರಬಿಯ ಗಂಟಲಿನ 'ಕ' ಇಲ್ಲಿ 'ಖ' ಆಗಿದೆ. ಇದಕ್ಕೆ ಸಾಕ್ಷಿ ಬೇಕಿದ್ದರೆ ಕನ್ನಡವನ್ನೇ ಕೇಳೋಣ. 'ಖೈದಿ', 'ಖಾಯಂ' ಎಂಬ ಮಾತುಗಳ ಮೊದಲ ಅಕ್ಷರ ಮೂಲದಲ್ಲಿ ಆ ಗಂಟಲಿನ 'ಕ'. ಕನ್ನಡಿಗರು ಪುಸ್ತಕ ನೋಡಿ ಅದನ್ನು ಬರೆಯಲಿಲ್ಲ, ನೆರೆಯವರ ಬಾಯಿಂದ ಕೇಳಿದಂತೆ ಬರೆದರು. ಪತ್ರ ಕಚೇರಿಯ ಆ ಮಾತುಗಳಲ್ಲಿ ದಖ್ಖನಿಯ ಉಸಿರು ಇಂದಿಗೂ ಉಳಿದಿದೆ.

ಇನ್ನು ಕೆಲವೆಡೆ ಕನ್ನಡ ಲಿಪಿಯೇ ಹೆಚ್ಚು ಖಚಿತ. ಉರ್ದು ಬರಹದಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಗುರುತಿಸುವುದಿಲ್ಲ. 'ಇಸ್' ಮತ್ತು 'ಉಸ್', ಅಂದರೆ 'ಈ' ಮತ್ತು 'ಆ', ಎರಡನ್ನೂ ಒಂದೇ ಬಗೆಯಲ್ಲಿ ಬರೆಯುತ್ತಾರೆ. ಓದುಗ ಸಂದರ್ಭ ನೋಡಿ ಊಹಿಸಿಕೊಳ್ಳಬೇಕು. ಕನ್ನಡದಲ್ಲಿ ಆ ಗೊಂದಲವೇ ಇಲ್ಲ.

ಹಾಗಾದರೆ ಕೊರತೆ ಏನು? ಮುಖ್ಯವಾಗಿ ಎರಡು ಧ್ವನಿಗಳು. 'ಜಮೀನ್' ಎಂಬುದರ 'ಜ' ಕನ್ನಡದ 'ಜ' ಅಲ್ಲ. 'ಶರೀಫ್' ಎಂಬುದರ 'ಫ' ಕನ್ನಡದ 'ಫ' ಅಲ್ಲ. ಅಕ್ಷರದ ಕೆಳಗೆ ಎರಡು ಚುಕ್ಕಿ ಇಟ್ಟು 'ಜ಼', 'ಫ಼' ಎಂದು ಬರೆದರೆ ಮುಗಿಯಿತು. ಈ ಚುಕ್ಕಿಗಳಿಗೆ ಯೂನಿಕೋಡ್‌ನಲ್ಲಿ 2003ರಿಂದಲೇ ಸ್ಥಾನವಿದೆ. ಅದೇ ಯೂನಿಕೋಡ್ ನಮ್ಮ ಹಳಗನ್ನಡದ 'ೞ' ಅಕ್ಷರಕ್ಕೆ ತಪ್ಪಾಗಿ 'ಫ' ಎಂಬ ಹೆಸರಿಟ್ಟಿದೆ! ಹೆಸರುಗಳನ್ನು ಬದಲಿಸದ ನಿಯಮ ಇರುವುದರಿಂದ ಆ ತಪ್ಪು ಹಾಗೆಯೇ ಉಳಿದಿದೆ. ಅದು ನಮ್ಮ ಕೈಯಲ್ಲಿಲ್ಲ. ಚುಕ್ಕಿ ಇಡುವುದು ನಮ್ಮ ಕೈಯಲ್ಲಿದೆ. ಆದರೂ ನಮ್ಮ ಬಹುತೇಕ ಪುಸ್ತಿಕೆಗಳು ಅಷ್ಟು ಶ್ರಮವನ್ನೂ ತೆಗೆದುಕೊಳ್ಳುವುದಿಲ್ಲ.

ಇಂಥ ಕೊರತೆಯನ್ನು ಇಂಗ್ಲಿಷರೂ ಒಮ್ಮೆ ಎದುರಿಸಿದ್ದರು. ಅವರ ಪೂರ್ವಿಕರು ಕಲ್ಲು, ಮರ, ಮೂಳೆಗಳ ಮೇಲೆ 'ರೂನ್' ಎಂಬ ಅಕ್ಷರಗಳನ್ನು ಕೊರೆಯುತ್ತಿದ್ದರು. ಕ್ರೈಸ್ತ ಮತದೊಂದಿಗೆ ಲ್ಯಾಟಿನ್ ಲಿಪಿ ಬಂದಾಗ, ಅವರ ಮಾತಿನ ಒಂದು ಧ್ವನಿಗೆ ಅದರಲ್ಲಿ ಅಕ್ಷರವಿರಲಿಲ್ಲ. ಆಗ ಅವರು 'ಥಾರ್ನ್' ಎಂಬ ರೂನ್ ಅಕ್ಷರವನ್ನೇ ಹೊಸ ಲಿಪಿಗೆ ಸೇರಿಸಿಕೊಂಡರು. ಸ್ಕಾಟ್‌ಲೆಂಡಿನ ರತ್‌ವೆಲ್ ಶಿಲುಬೆಯ ಮೇಲೆ ಕ್ರೈಸ್ತ ಕವಿತೆಯ ಸಾಲುಗಳನ್ನು ರೂನ್‌ಗಳಲ್ಲೇ ಕೊರೆದಿದ್ದಾರೆ. ಇಂದಿಗೂ ಆಧುನಿಕ ಇಂಗ್ಲಿಷನ್ನು ರೂನ್‌ಗಳಲ್ಲಿ ಬರೆದು ಸಂತೋಷಪಡುವವರಿದ್ದಾರೆ. 1937ರಲ್ಲಿ ಬಂದ ಟೋಲ್ಕಿನ್‌ರ 'ದ ಹಾಬಿಟ್' ಕಾದಂಬರಿಯ ನಕ್ಷೆಯಲ್ಲೂ ಅಂಥ ಬರಹವಿದೆ. ಕಾಗುಣಿತ ಬಿಟ್ಟು ಉಚ್ಚಾರದಂತೆ ಬರೆಯಲು ಹೊರಟವರಿಗೆ ಮಾತ್ರ ಒಂದು ಪ್ರಶ್ನೆ ತಪ್ಪಿದ್ದಲ್ಲ: ಯಾರ ಉಚ್ಚಾರ? ಲಂಡನ್ನಿನವನದೋ, ಗ್ಲಾಸ್ಗೋದವನದೋ?

ನಮ್ಮ ಎರಡನೆಯ ಹಾಗೂ ದೊಡ್ಡ ತಕರಾರು ಇರುವುದು ಇಲ್ಲಿಯೇ. ಕನ್ನಡ ಲಿಪಿಯಲ್ಲಿ ಬರೆಯುವವರೂ ಬರೆಯುತ್ತಿರುವುದು ದಖ್ಖನಿಯನ್ನಲ್ಲ, ದೆಹಲಿ–ಲಕ್ನೋದ ಉರ್ದುವನ್ನು. ತಾಯಿ ಮನೆಯಲ್ಲಿ 'ಮೇರೇಕು ನಕ್ಕೊ' ಎನ್ನುತ್ತಾಳೆ, 'ಕಾಯ್ಕು' ಎಂದು ಕೇಳುತ್ತಾಳೆ, 'ಲೋಗಾಂ ಆಯೇ' ಎನ್ನುತ್ತಾಳೆ. ಕಾಗದದ ಮೇಲೆ ಇವೊಂದೂ ಕಾಣುವುದಿಲ್ಲ. ಕೇಳಿಸಿದ್ದನ್ನು ಬರೆಯಬಲ್ಲ ಲಿಪಿ ಕೈಯಲ್ಲಿದ್ದೂ ಕೇಳಿಸಿಕೊಳ್ಳಲು ನಾವು ನಾಚುತ್ತಿದ್ದೇವೆ. ಎರಡನೆಯ ಇಬ್ರಾಹೀಮ್ ಆದಿಲ್ ಶಾಹ್ ವಿಜಾಪುರದ ಸಿಂಹಾಸನದಲ್ಲಿ ಕುಳಿತು 'ಕಿತಾಬೆ ನೌರಸ್' ರಚಿಸಿದ್ದು ಇದೇ ದಖ್ಖನಿಯಲ್ಲಿ. ಸುಲ್ತಾನನಿಗೆ ಇರದ ನಾಚಿಕೆ ನಮಗೇಕೆ?

ಮನೆಮಾತಿಗೆ ಕನ್ನಡ ಲಿಪಿ ಬಂದರೆ ಮಕ್ಕಳು ಉರ್ದು ಲಿಪಿಯನ್ನು ಪೂರ್ತಿ ಮರೆಯುತ್ತಾರೆಂದು ಹಿರಿಯರು ಆತಂಕಪಡುತ್ತಾರೆ. ಈ ಆತಂಕವನ್ನು ತಳ್ಳಿಹಾಕುವಂತಿಲ್ಲ. ತುರ್ಕಿಯಲ್ಲಿ 1928ರಲ್ಲಿ ಅರಬಿ ಲಿಪಿ ತೆಗೆದು ಲ್ಯಾಟಿನ್ ತಂದಾಗ, ಅಜ್ಜನ ಕಾಗದಗಳು ಮೊಮ್ಮಗನಿಗೆ ಓದಲಾರದವಾದವು. ಆದರೆ ಅಲ್ಲಿ ಹಳೆಯ ಲಿಪಿಯನ್ನು ಸರಕಾರವೇ ತೆಗೆದುಹಾಕಿತು. ಇಲ್ಲಿ ಯಾರೂ ಕಿತ್ತುಕೊಂಡಿಲ್ಲ, ಅದು ತಾನಾಗಿ ಜಾರುತ್ತಿದೆ. ಲಿಪಿ ಜಾರುವಾಗ ಮಾತನ್ನಾದರೂ ಹಿಡಿದುಕೊಳ್ಳದಿದ್ದರೆ ಎರಡೂ ಹೋಗುತ್ತವೆ. ಮಾತನ್ನು ಪ್ರೀತಿಸಿ ಬೆಳೆದವನು ಮುಂದೊಮ್ಮೆ ಅದರ ಹಳೆಯ ಲಿಪಿಯನ್ನು ಕಲಿಯಲು ಬಂದಾನು. ಮಾತೇ ಮರೆತವನು ಯಾವುದಕ್ಕೆ ಬರಬೇಕು?

ಲಿಪಿಗೆ ಮತವಿಲ್ಲ. ಅರಬಿ ಲಿಪಿಯನ್ನು ಪಡೆದ ಪಾರಸಿಗರು ತಮ್ಮ ಧ್ವನಿಗಳಿಗಾಗಿ ನಾಲ್ಕು ಅಕ್ಷರ ಸೇರಿಸಿದರು. ಉರ್ದುವಿನವರು 'ಟ', 'ಡ'ಗಳಿಗೆ ಗುರುತು ಮಾಡಿಕೊಂಡರು. ಮಲಬಾರಿನ ಮಾಪ್ಪಿಳರು ಅದೇ ಅಕ್ಷರಗಳಿಂದ ಮಲಯಾಳವನ್ನು ಬರೆದರು. ಎರವಲು ತಂದವರಾರೂ ಕೊರತೆಯನ್ನು ಹಾಗೆಯೇ ಬಿಡಲಿಲ್ಲ, ತುಂಬಿಕೊಂಡರು. ನಮ್ಮ ಪಾಲಿಗೆ ಉಳಿದಿರುವುದು ಎರಡು ಚುಕ್ಕಿ, ಮತ್ತು ತಾಯಿ ಆಡಿದ ಮಾತನ್ನು ತಿದ್ದದೆ ಬರೆಯುವ ಧೈರ್ಯ. ಮುಂದಿನ ಪುಸ್ತಿಕೆ ಅಚ್ಚಿಗೆ ಹೋಗುವ ಮೊದಲು ಪ್ರಕಾಶಕರು ಇವೆರಡನ್ನೂ ನೆನೆಯಲಿ.