ಅಳತೆಯೇ ಬಣ್ಣ

ಕ್ಯಾಡ್ಮಿಯಂ ಸೆಲೆನೈಡ್ ಹರಳು ಸುಮಾರು 2 ನ್ಯಾನೋಮೀಟರ್ ಇದ್ದರೆ ನೀಲಿ, 6 ಆದರೆ ಕೆಂಪು ಬೆಳಕು ಸೂಸುತ್ತದೆ. ವಸ್ತು ಒಂದೇ, ಗಾತ್ರ ಬೇರೆ. ಹರಳು ಕಿರಿದಾದಷ್ಟೂ ಒಳಗಿನ ಎಲೆಕ್ಟ್ರಾನಿಗೆ ಜಾಗ ಇಕ್ಕಟ್ಟು, ಹೊರಬರುವ ಬೆಳಕಿಗೆ ಶಕ್ತಿ ಹೆಚ್ಚು. ಇಂಥ ಕಿರುಹರಳೇ ಕ್ವಾಂಟಂ ಚುಕ್ಕೆ.

ಕಷ್ಟವಿದ್ದದ್ದು ಎಲ್ಲ ಹರಳನ್ನೂ ಒಂದೇ ಅಳತೆಗೆ ತರುವುದರಲ್ಲಿ. 1993ರಲ್ಲಿ ಎಂಐಟಿಯ ಮೌಂಗಿ ಬವೆಂಡಿ ತಂಡ ಸುಮಾರು 300 ಡಿಗ್ರಿ ಕಾದ ದ್ರವಕ್ಕೆ ರಾಸಾಯನಿಕಗಳನ್ನು ಸಿರಿಂಜಿನಿಂದ ಒಮ್ಮೆಲೇ ಸೇರಿಸಿತು. ಹರಳಿನ ಬೀಜಗಳೆಲ್ಲ ಒಟ್ಟಿಗೇ ಹುಟ್ಟಿದವು. ಕಾವು ಇಳಿದದ್ದೇ ಹೊಸವು ಹುಟ್ಟುವುದು ನಿಂತಿತು. ಮತ್ತೆ ಹದವಾಗಿ ಕಾಯಿಸಿದಾಗ ಎಲ್ಲವೂ ಸಮನಾಗಿ ಬೆಳೆದವು. 1995ರಲ್ಲಿ ಬವೆಂಡಿ ಮತ್ತು ಸಂಗಡಿಗರು ಇಂಥ ಚುಕ್ಕೆಗಳೇ ಇಟ್ಟಿಗೆಗಳಂತೆ ಸಾಲುಗೂಡಿ ಘನವಸ್ತುವಾಗುವುದನ್ನು ತೋರಿಸಿದರು.

ವಿಜ್ಞಾನಿಗಳಾದ ಎಕಿಮೋವ್, ಬ್ರೂಸ್ ಜೊತೆಗೆ ಬವೆಂಡಿಗೆ 2023ರ ರಸಾಯನಶಾಸ್ತ್ರ ನೊಬೆಲ್ ಸಂದಿತು. ಹದ ಬಲ್ಲ ಕೈಗೆ ಸಂದ ಗೌರವವದು.